ದೋಣಿಯ ಎಂಜಿನ್ನೂ ಅದರ ಹೊಗೆಕೊಳವೆಯೂ

ನಮ್ಮ ಕರಾವಳಿಯ ಅಳಿವೆಯೊಂದರಲ್ಲಿ ಜನರನ್ನು ಆಚೆಯ ದಡಕ್ಕೆ ದಾಟಿಸುತ್ತಿದ್ದ ಹಳೆಯ ಲಾಂಚೊಂದರ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಅದರ ಒಡಲಲ್ಲಿ ಕೂರಿಸಿದ್ದ ನಾಲ್ಕು ಸಿಲಿಂಡರುಗಳ ಡೀಸೆಲ್ ಎಂಜಿನ್ನು ಕೆಲವು ವಾರಗಳಿಂದ ಕಪ್ಪು ಹೊಗೆಯನ್ನು ಉಗುಳುತ್ತಿದ್ದಿತು. ಇಳಿತದ ಸೆಳೆತಕ್ಕೆ ಎದುರಾಗಿ ಹೋಗುವಾಗ ಮೊದಲಿನ ವೇಗ ಬರುತ್ತಿರಲಿಲ್ಲ. ಮೇಸ್ತ್ರಿಯೊಬ್ಬರು ಬಂದು ಇಂಜೆಕ್ಟರುಗಳನ್ನು ಬದಲಿಸಿದರು. ಹೊಗೆ ನಿಲ್ಲಲಿಲ್ಲ. ಎರಡನೆಯ ಸಲ ಹೆಡ್ಡನ್ನೇ ಇಳಿಸಿ, ಕವಾಟಗಳನ್ನು ಉಜ್ಜಿ ಕೂರಿಸಿದರು. ಆಗಲೂ ನಿಲ್ಲಲಿಲ್ಲ. ಕೊನೆಗೆ ಪಿಸ್ಟನ್ನುಗಳ ಉಂಗುರಗಳು ಸವೆದಿರಬೇಕೆಂದು ತೀರ್ಮಾನವಾಗಿ, ಎಂಜಿನ್ನನ್ನು ಎತ್ತಿ ಹೊರತೆಗೆಯುವ ಸನ್ನಾಹ ನಡೆಯಿತು. ಎಂಜಿನ್ನನ್ನು ಎತ್ತಬೇಕಾದರೆ ಹೊಗೆಕೊಳವೆಯನ್ನು ಕಳಚಲೇಬೇಕಷ್ಟೆ. ಕಳಚಿ ನೋಡಿದರೆ, ಮೂರು ಬೆರಳುಗಳನ್ನು ಒಟ್ಟಿಗೆ ತೂರಿಸಬಹುದಾಗಿದ್ದ ದಾರಿಯಲ್ಲಿ ಕಿರುಬೆರಳು ತೂರುವುದೂ ಕಷ್ಟವಾಗಿದ್ದಿತು! ಉಪ್ಪೂ ಮಸಿಯೂ ಕೂಡಿ ಒಳಗೆ ಕಲ್ಲಿನಂತೆ ಗಟ್ಟಿಗೊಂಡಿದ್ದವು. ಆ ಒಂದು ತುಂಡನ್ನು ಬದಲಿಸಿದ ಮೇಲೆ ಹೊಗೆಯೂ ಹೋಯಿತು, ವೇಗವೂ ಬಂದಿತು. ಅಷ್ಟರಲ್ಲಿ ಲಾಂಚಿನ ಒಡೆಯರು ಎರಡು ದುರಸ್ತಿಗಳ ಹಣವನ್ನೂ ಹಲವು ದಿನಗಳ ಸಂಪಾದನೆಯನ್ನೂ ಕಳೆದುಕೊಂಡಿದ್ದರು.

ಇದು ಒಬ್ಬ ಮೇಸ್ತ್ರಿಯ ತಪ್ಪೆಂದು ನಾವು ಹೇಳಲಾರೆವು. ಎಂಜಿನ್ನೆಂದರೆ ಸಿಲಿಂಡರು, ಪಿಸ್ಟನ್ನು, ಪಂಪು, ಇಂಜೆಕ್ಟರು; ಹೊಗೆಕೊಳವೆಯೆಂಬುದು ಅದಕ್ಕೆ ಹೊರಗಿನಿಂದ ತಗುಲಿಸಿದ ಒಂದು ಚರಂಡಿ ಎಂಬ ಭಾವನೆ ಕಲಿತವರಲ್ಲಿಯೂ ಇದೆ. ಈ ಭಾವನೆಯೇ ತಪ್ಪೆಂಬುದು ನಮ್ಮ ವಾದ. ಹಳೆಯ ದೋಣಿಯ ಎಂಜಿನ್ನು ಹೊಗೆಯುಗುಳಿದಾಗ, ಬಿಸಿಯೇರಿದಾಗ, ಬಲಗುಂದಿದಾಗ ಮೊದಲು ಪರೀಕ್ಷಿಸತಕ್ಕುದು ಹೊಗೆ ಹೊರಹೋಗುವ ದಾರಿಯನ್ನು. ಎಂಜಿನ್ನನ್ನು ಬಿಚ್ಚುವುದು ಆಮೇಲಿನ ಮಾತು. ಇದರಿಂದ ಹಣ ಉಳಿಯುವುದು ಒಂದು ಲಾಭ. ಕೆಲವು ಸಂದರ್ಭಗಳಲ್ಲಿ ಪ್ರಾಣವೂ ಉಳಿಯುವುದು.

ಎಂಜಿನ್ನು ಉಸಿರಾಡುವ ಗಾಳಿಯ ಮೊತ್ತವನ್ನು ಸ್ವಲ್ಪ ಎಣಿಸಿ ನೋಡೋಣ. ಒಂದು ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಲು ಕನಿಷ್ಠಪಕ್ಷ ಸುಮಾರು 12 ಕಿಲೋಗ್ರಾಂ ಗಾಳಿ ಬೇಕು; ನಮ್ಮ ಕರಾವಳಿಯ ಹವೆಯಲ್ಲಿ ಅದು ಸುಮಾರು 10 ಘನಮೀಟರು. ಡೀಸೆಲ್ ಎಂಜಿನ್ನು ವಾಸ್ತವವಾಗಿ ಇದಕ್ಕಿಂತ ಹೆಚ್ಚು ಗಾಳಿಯನ್ನೇ ಸೇವಿಸುತ್ತದೆ. ಉರಿದ ಮೇಲೆ ಆ ಅನಿಲವೆಲ್ಲ 500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹೊರಬೀಳುವಾಗ ಅದರ ಗಾತ್ರ ಎರಡೂವರೆ ಪಾಲು ಹಿಗ್ಗಿರುತ್ತದೆ. ನಿಮಿಷಕ್ಕೆ 1800 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ಸೆಕೆಂಡಿಗೆ 15 ಬಾರಿ ಈ ಅನಿಲವನ್ನು ಹೊರದೂಡಬೇಕು. ದಾರಿ ಇಕ್ಕಟ್ಟಾದರೆ ಪಿಸ್ಟನ್ನು ಅದನ್ನು ಬಲವಂತದಿಂದ ತಳ್ಳಬೇಕಾಗುವುದು. ತಳ್ಳಿದ ಮೇಲೂ ಸುಟ್ಟ ಅನಿಲ ಸ್ವಲ್ಪ ಸಿಲಿಂಡರಿನಲ್ಲಿಯೇ ಉಳಿಯುವುದು. ಅದು ಉಳಿದಷ್ಟು ಹೊಸ ಗಾಳಿಗೆ ಎಡೆ ಕಡಮೆ. ಇಂಧನ ಮಾತ್ರ ಎಂದಿನಷ್ಟೇ ಬೀಳುತ್ತಿರುತ್ತದೆ. ಗಾಳಿ ಸಾಲದೆ ಉರಿಯದುಳಿದ ಇಂಗಾಲವೇ ಕಪ್ಪು ಹೊಗೆ. ಈ ಹೊಗೆಯ ಮಸಿ ಮೊದಲೇ ಕಟ್ಟಿಕೊಂಡಿದ್ದ ದಾರಿಯನ್ನು ಇನ್ನಷ್ಟು ಕಟ್ಟುತ್ತದೆ. ರೋಗವೇ ರೋಗವನ್ನು ಬೆಳೆಸುತ್ತದೆ. ಹೀಗೆ ಕೊಳವೆಯಲ್ಲಿ ಉಂಟಾಗುವ ಒತ್ತಡವನ್ನು ಇಲ್ಲಿ ಎದುರೊತ್ತಡವೆಂದು ಕರೆಯೋಣ. “ಎಂಜಿನ್ನಿಗೆ ಸ್ವಲ್ಪ ಎದುರೊತ್ತಡ ಇರಲೇಬೇಕು, ಇಲ್ಲವಾದರೆ ಬಲ ಸೋರಿಹೋಗುತ್ತದೆ” ಎಂದು ಹೇಳುವವರು ಇದ್ದಾರೆ. ದೋಣಿಯ ಡೀಸೆಲ್ ಎಂಜಿನ್ನಿನ ಮಟ್ಟಿಗೆ ಈ ಮಾತಿಗೆ ಆಧಾರವಿಲ್ಲ.

ಲಾರಿಯ ಎಂಜಿನ್ನಿಗೂ ಇದೇ ನಿಯಮವಲ್ಲವೆ, ಅಲ್ಲಿ ಇಷ್ಟು ತೊಂದರೆ ಏಕಿಲ್ಲ ಎಂದು ವಾಚಕರು ಕೇಳಬಹುದು. ಲಾರಿಯ ಕೊಳವೆ ಬಯಲಿನ ಗಾಳಿಯಲ್ಲಿ ತೂಗುತ್ತಿರುತ್ತದೆ. ಬಿಸಿಯಾದರೆ ಗಾಳಿ ಅದನ್ನು ಆರಿಸುತ್ತದೆ. ದೋಣಿಯ ಒಡಲೊಳಗೆ ಕೆಂಡದಂತೆ ಕಾಯ್ದ ಕೊಳವೆಯೊಂದು ಮರದ ಹಲಗೆಗಳ ನಡುವೆ ಹಾಯ್ದುಹೋಗುವುದೆಂದರೆ ಬೆಂಕಿಗೆ ಆಹ್ವಾನವಿತ್ತಂತೆಯೇ. ಇದಕ್ಕೆ ದೋಣಿ ಕಟ್ಟುವವರು ಎರಡು ಉಪಾಯಗಳನ್ನು ಕಂಡುಕೊಂಡಿದ್ದಾರೆ. ನಮ್ಮ ಮೀನುಗಾರಿಕೆಯ ಅನೇಕ ದೊಡ್ಡ ಬೋಟುಗಳಲ್ಲಿ ಕಾಣುವುದು ಒಣ ಕೊಳವೆ: ಶಾಖನಿರೋಧಕ ಪಟ್ಟಿಯನ್ನು ಸುತ್ತಿ, ಚುಕ್ಕಾಣಿಯ ಕೋಣೆಯ ಬದಿಯಿಂದ ನೇರವಾಗಿ ಮೇಲಕ್ಕೆ ಒಯ್ದ ಚಿಮಣಿ. ಲಾಂಚುಗಳಲ್ಲಿಯೂ ವಿಹಾರದ ದೋಣಿಗಳಲ್ಲಿಯೂ ಹೆಚ್ಚಾಗಿ ಕಾಣುವುದು ಹಸಿ ಕೊಳವೆ. ಎಂಜಿನ್ನನ್ನು ತಣಿಸಿ ಬಂದ ಸಮುದ್ರದ ನೀರನ್ನೇ ಮೊಣಕೈಯಂತೆ ಬಾಗಿದ ಒಂದು ತುಂಡಿನಲ್ಲಿ, ಅಂದರೆ ಕಾರ್ಯಾಗಾರದ ಮಾತಿನ ಎಲ್ಬೋದಲ್ಲಿ, ಹೊಗೆಯೊಡನೆ ಬೆರೆಸುತ್ತಾರೆ. ಕ್ಷಣಮಾತ್ರದಲ್ಲಿ ಹೊಗೆ ಎಷ್ಟು ತಣ್ಣಗಾಗುವುದೆಂದರೆ ಅಲ್ಲಿಂದ ಮುಂದೆ ರಬ್ಬರಿನ ಕೊಳವೆಯೇ ಸಾಕಾಗುತ್ತದೆ! ನೀರು ಸೈಲೆನ್ಸರಿನ ತೊಟ್ಟಿಯಲ್ಲಿ ಕೂಡಿ, ಹೊಗೆಯ ಒತ್ತಡದಿಂದಲೇ ಮೇಲಕ್ಕೆ ಚಿಮ್ಮಿ, ಹಿಂಬದಿಯ ರಂಧ್ರದಿಂದ ಹೊರಬೀಳುತ್ತದೆ. ಜಾಣ ಏರ್ಪಾಡು, ಆದರೆ ಇದರ ಜಾಣತನವೆಲ್ಲ ನೀರಿನ ಹರಿವನ್ನು ನಂಬಿಕೊಂಡಿದೆ.

ಎಲ್ಬೋದ ಸ್ಥಿತಿಯನ್ನು ಊಹಿಸಿಕೊಳ್ಳಿ. ಒಂದು ಕಡೆಯಿಂದ 500 ಡಿಗ್ರಿಯ ಹೊಗೆ, ಇನ್ನೊಂದು ಕಡೆಯಿಂದ ಲೀಟರಿಗೆ ಸುಮಾರು 35 ಗ್ರಾಂ ಉಪ್ಪನ್ನು ಹೊತ್ತ ನೀರು, ಮೇಲಿಂದ ಮೇಲೆ ಎಂಜಿನ್ನಿನ ನಡುಕ. ನೀರಿನ ಹನಿ ಆವಿಯಾದಲ್ಲಿ ಉಪ್ಪು ಕೂರುತ್ತದೆ, ಉಪ್ಪಿನ ಮೇಲೆ ಮಸಿ ಅಂಟುತ್ತದೆ. ಇಂಧನದಲ್ಲಿರುವ ಗಂಧಕ ಉರಿದು ನೀರಿನೊಡನೆ ಸೇರಿ ಗಂಧಕಾಮ್ಲವಾಗುತ್ತದೆ. ತಾಮ್ರ, ಕಂಚುಗಳನ್ನು ಅದು ತಿನ್ನುವುದರಿಂದಲೇ ಡೀಸೆಲ್ಲಿನ ಹೊಗೆಗೆ ಆ ಲೋಹಗಳು ಸಲ್ಲವೆನ್ನುವುದು. 1990ರ ದಶಕದ ಮೊದಲ ಭಾಗದಲ್ಲಿ ನಮ್ಮ ದೇಶದ ಡೀಸೆಲ್ಲಿನಲ್ಲಿ ಶೇಕಡ 1ರವರೆಗೂ ಗಂಧಕವಿರುತ್ತಿದ್ದಿತು. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ ಆರು ಎಂಬ ಕಟ್ಟಳೆಯಂತೆ ಅದು ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿಯಿತು. ಆಮ್ಲದ ಕಾಟ ಹೀಗೆ ಬಹುಮಟ್ಟಿಗೆ ತಗ್ಗಿದೆ. ಉಪ್ಪಿನ ಕಾಟ ತಗ್ಗುವಂತಿಲ್ಲ. ಬೀಡುಕಬ್ಬಿಣದ ಎಲ್ಬೋ ಹೊರಗೆ ಬಣ್ಣ ಬಳಿದುಕೊಂಡು ಗಟ್ಟಿಯಾಗಿ ಕಾಣುತ್ತಿದ್ದಂತೆಯೇ ಒಳಗೆ ಕಾಗದದಷ್ಟು ತೆಳ್ಳಗಾಗಿರಬಹುದು. ಸ್ಟೇನ್‌ಲೆಸ್ ಉಕ್ಕಿನದಾದರೆ ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುವುದುಂಟು. ಇದು ಸವೆಯುವುದಕ್ಕಾಗಿಯೇ ಇರುವ ತುಂಡು. ಇಂಥದನ್ನು ಆಯುಷ್ಯಪರ್ಯಂತದ ಭಾಗವೆಂದು ಭಾವಿಸುವುದು ದೊಡ್ಡ ತಪ್ಪು.

ಇನ್ನು ರೋಗಪರೀಕ್ಷೆಯ ಕ್ರಮಕ್ಕೆ ಬರೋಣ. ಮೊದಲು ಕಣ್ಣು. ಹಿಂಬದಿಯಿಂದ ಬರುವುದು ಹೊಗೆಯೋ ಹಬೆಯೋ ಎಂಬುದನ್ನು ನಿರ್ಣಯಿಸಬೇಕು. ಹಬೆ ನಾಲ್ಕಾರು ಅಡಿ ಹೋಗುವಷ್ಟರಲ್ಲಿ ಕರಗಿಹೋಗುತ್ತದೆ. ಹೊಗೆ ನೀರಿನ ಮೇಲೆ ಬಹಳ ಹೊತ್ತು ತೇಲಾಡುತ್ತದೆ. ಹಬೆ ಹೆಚ್ಚಿ ನೀರಿನ ಚಿಮ್ಮು ಕಡಮೆಯಾಗಿದ್ದರೆ ತಣಿಸುವ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು. ಜರಡಿಯಲ್ಲಿ ಪಾಚಿ ಅಥವಾ ಪ್ಲಾಸ್ಟಿಕ್ಕು ಸಿಕ್ಕಿರಬಹುದು, ಪಂಪಿನ ರಬ್ಬರ್ ಇಂಪೆಲ್ಲರಿನ ರೆಕ್ಕೆಗಳು ಮುರಿದಿರಬಹುದು. ಮುರಿದ ರೆಕ್ಕೆಯ ಚೂರುಗಳನ್ನು ಹುಡುಕಿ ತೆಗೆಯದೆ ಹೊಸ ಇಂಪೆಲ್ಲರನ್ನು ಹಾಕಿ ಕೈತೊಳೆದುಕೊಳ್ಳುವವರೇ ಬಹಳ. ಆ ಚೂರುಗಳು ಮುಂದೆ ಎಲ್ಲಿಯೋ ಇಕ್ಕಟ್ಟಿನಲ್ಲಿ ಕುಳಿತು ಕಾಯುತ್ತಿರುತ್ತವೆ. ನೀರಿನ ಮೊತ್ತವನ್ನು ಅಳೆಯುವುದಕ್ಕೆ ಬಕೆಟ್ಟೊಂದನ್ನು ಹಿಡಿದು ಗಡಿಯಾರ ನೋಡಿದರೆ ಸಾಕು. ದೋಣಿ ಸುಸ್ಥಿತಿಯಲ್ಲಿದ್ದಾಗಲೇ ಒಮ್ಮೆ ಅಳೆದು ಬರೆದಿಟ್ಟುಕೊಂಡಿದ್ದರೆ ಹೋಲಿಸಿ ನೋಡಬಹುದು.

ಉಷ್ಣಮಾಪಕವನ್ನು ನಂಬಿಕೊಂಡು ಕುಳಿತುಕೊಳ್ಳಬಾರದೆಂಬುದನ್ನು ನಾವು ಒತ್ತಿ ಹೇಳುತ್ತೇವೆ. ಅನೇಕ ಎಂಜಿನ್ನುಗಳಲ್ಲಿ ಆ ಮಾಪಕ ತೋರಿಸುವುದು ಒಳಗೆ ಸುತ್ತುವ ಸಿಹಿನೀರಿನ ಬಿಸಿಯನ್ನು. ಸಮುದ್ರದ ನೀರು ನಿಂತುಹೋದರೆ ಮೊದಲು ಬೇಯುವುದು ಎಲ್ಬೋದ ಮುಂದಿರುವ ರಬ್ಬರ್ ಕೊಳವೆ. ಮಾಪಕದ ಮುಳ್ಳು ಏಳುವುದು ಆಮೇಲೆ. ಅಂಗೈಯನ್ನು ಆ ಕೊಳವೆಯ ಮೇಲೆ ಇಟ್ಟು ನೋಡುವುದು ಮಾಪಕಕ್ಕಿಂತ ಒಳ್ಳೆಯ ಪರೀಕ್ಷೆ. ಕೈ ನಿಲ್ಲುವಂತಿದ್ದರೆ ಸರಿ, ನಿಲ್ಲದಿದ್ದರೆ ನೀರು ಸಾಲದು. ಒಮ್ಮೆ ಬೆಂದ ಕೊಳವೆ ಹೊರಗೆ ಚೆನ್ನಾಗಿಯೇ ಕಾಣುತ್ತಿರಬಹುದು. ಒಳಪದರ ಮಾತ್ರ ಸುಲಿದು ನಾಲಗೆಯಂತೆ ಜೋತುಬಿದ್ದು ದಾರಿಗೆ ಅಡ್ಡವಾಗಿರುತ್ತದೆ. ವೇಗ ಹೆಚ್ಚಿಸಿದಾಗ ಮಾತ್ರ ಬಲಗುಂದುವ ಎಂಜಿನ್ನುಗಳಲ್ಲಿ ಈ ನಾಲಗೆಯನ್ನು ಒಮ್ಮೆ ಹುಡುಕಿ ನೋಡತಕ್ಕುದು.

ಕಪ್ಪು ಹೊಗೆಯಿದ್ದು ನೀರು ಸರಿಯಾಗಿದ್ದರೆ ಎದುರೊತ್ತಡವನ್ನು ಅಳೆಯಬೇಕು. ಇದಕ್ಕೆ ಬೇಕಾದ ಉಪಕರಣವನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಲ್ಲನು. ಎಲ್ಬೋದ ಹಿಂದೆ, ನೀರು ಬೆರೆಯುವುದಕ್ಕೆ ಮೊದಲು, ಕೊಳವೆಯಲ್ಲಿ ಸಣ್ಣ ತೂತೊಂದನ್ನು ಕೊರೆದು ಮರೆ ತಿರುಪು ಹಾಕಿಸಿಕೊಳ್ಳಬೇಕು. ಪರೀಕ್ಷೆಯ ಕಾಲದಲ್ಲಿ ತಿರುಪನ್ನು ತೆಗೆದು, ಅಲ್ಲಿಗೆ ಒಂದೆರಡು ಅಡಿ ಉದ್ದದ ತಾಮ್ರದ ನಳಿಗೆಯನ್ನೂ ಅದರ ತುದಿಗೆ ಪಾರದರ್ಶಕವಾದ ಪ್ಲಾಸ್ಟಿಕ್ ನಳಿಗೆಯನ್ನೂ ಜೋಡಿಸಿ, ಪ್ಲಾಸ್ಟಿಕ್ ನಳಿಗೆಯನ್ನು ಹಲಗೆಯ ಮೇಲೆ ಯು ಅಕ್ಷರದ ಆಕಾರದಲ್ಲಿ ನಿಲ್ಲಿಸಿ, ಅರ್ಧದವರೆಗೆ ನೀರು ತುಂಬಬೇಕು. ದೋಣಿ ಪೂರ್ಣ ಭಾರದಲ್ಲಿ ಪೂರ್ಣ ವೇಗದಲ್ಲಿ ಓಡುತ್ತಿರುವಾಗ ಎರಡು ಕಡೆಯ ನೀರಿನ ಮಟ್ಟಗಳ ಅಂತರವನ್ನು ಓದಿಕೊಂಡರೆ ಆಯಿತು. 10 ಸೆಂಟಿಮೀಟರಿನ ಅಂತರವೆಂದರೆ ಸುಮಾರು ಒಂದು ಕಿಲೋಪಾಸ್ಕಲ್ ಒತ್ತಡ. ಮಿತಿಯೆಷ್ಟೆಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾದುದರಿಂದ ತಯಾರಕರ ಕೈಪಿಡಿಯನ್ನೇ ನೋಡಬೇಕು. ನಮ್ಮ ಲಾಂಚಿನ ಎಂಜಿನ್ನಿಗೆ ಈ ಪರೀಕ್ಷೆ ಮೊದಲ ದಿನವೇ ನಡೆದಿದ್ದರೆ ಅರ್ಧ ಗಂಟೆಯಲ್ಲಿ ರೋಗ ಗೊತ್ತಾಗುತ್ತಿದ್ದಿತು. ಎಂಜಿನ್ ದುರಸ್ತಿಯ ಕಾರ್ಯಾಗಾರಗಳು ಬೆಲೆಬಾಳುವ ಯಂತ್ರಗಳನ್ನು ತರಿಸುತ್ತವೆ. ಈ ಎರಡು ಗಜ ನಳಿಗೆಯನ್ನು ಗೋಡೆಗೆ ತೂಗುಹಾಕಿರುವ ಕಾರ್ಯಾಗಾರವನ್ನು ನಾವು ಇನ್ನೂ ಕಂಡಿಲ್ಲ.

ಹಸಿ ಕೊಳವೆಯ ಇನ್ನೊಂದು ಅಪಾಯ ಇದಕ್ಕಿಂತ ಘೋರವಾದುದು. ಅದು ನೀರು ಹಿಂದಕ್ಕೆ ಹರಿದು ಎಂಜಿನ್ನಿನೊಳಗೆ ಹೋಗುವುದು. ಎಲ್ಬೋದ ಒಳಗೋಡೆ ತೂತಾದರೆ ಹೀಗಾಗಬಹುದು. ನೀರು ಬೆರೆಯುವ ಸ್ಥಳ ದೋಣಿಯ ನೀರುಗೆರೆಗಿಂತ ಕೆಳಗೆ ಅಥವಾ ಅದರಿಂದ 15 ಸೆಂಟಿಮೀಟರಿನೊಳಗೆ ಇದ್ದು, ಗಾಳಿಯಾಡುವ ಎತ್ತರದ ಬಾಗು ಇಲ್ಲದಿದ್ದರೆ, ಅಥವಾ ಆ ಬಾಗಿನ ಪುಟ್ಟ ಕವಾಟ ಉಪ್ಪುಗಟ್ಟಿದ್ದರೆ, ಎಂಜಿನ್ನು ನಿಂತ ಮೇಲೂ ಸಮುದ್ರದ ನೀರು ತಾನಾಗಿ ಸೆಳೆದುಕೊಂಡು ಬಂದು ತುಂಬಬಹುದು. ಮೂರನೆಯ ಕಾರಣ ಮನುಷ್ಯನದೇ. ಎಂಜಿನ್ನು ಹತ್ತದೆಂದು ಮತ್ತೆ ಮತ್ತೆ ಸ್ಟಾರ್ಟರನ್ನು ತಿರುಗಿಸುತ್ತಾರೆ. ತಿರುಗಿಸಿದಷ್ಟೂ ಪಂಪು ನೀರನ್ನು ತಳ್ಳುತ್ತಲೇ ಇರುತ್ತದೆ, ಅದನ್ನು ಹೊರಚಿಮ್ಮಿಸಲು ಬೇಕಾದ ಹೊಗೆ ಮಾತ್ರ ಇಲ್ಲ. ಸೈಲೆನ್ಸರು ತುಂಬಿ, ನೀರು ಮ್ಯಾನಿಫೋಲ್ಡಿಗೆ ಏರಿ, ತೆರೆದಿರುವ ಕವಾಟದಿಂದ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಆಗ ಎಂಜಿನ್ನು ಫಕ್ಕನೆ ಹತ್ತಿಕೊಂಡರೆ ಪಿಸ್ಟನ್ನಿನ ಕಡ್ಡಿ ಬಾಗುವುದು ನಿಶ್ಚಯ. ಆದುದರಿಂದ ಎಂಜಿನ್ನು ಎರಡು ಮೂರು ಪ್ರಯತ್ನಕ್ಕೆ ಹತ್ತದಿದ್ದರೆ ಸಮುದ್ರದ ನೀರಿನ ಕವಾಟವನ್ನು ಮುಚ್ಚಿ ಪ್ರಯತ್ನ ಮುಂದುವರಿಸತಕ್ಕುದು; ಹತ್ತಿದ ಕೂಡಲೆ ಮರೆಯದೆ ತೆರೆಯತಕ್ಕುದು. ಎಂಜಿನ್ನು ಕಲ್ಲಿನಂತೆ ಬಿಗಿದುಕೊಂಡಿದ್ದರೆ, ಅಥವಾ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ, ಬ್ಯಾಟರಿಯ ಬಲವನ್ನು ಪ್ರಯೋಗಿಸಲೇಕೂಡದು. ಇಂಜೆಕ್ಟರುಗಳನ್ನು ತೆಗೆದು ಕೈಯಿಂದ ಮೆಲ್ಲನೆ ತಿರುಗಿಸಿದರೆ ನೀರು ಆ ರಂಧ್ರಗಳಿಂದ ಹೊರಬರುತ್ತದೆ.

ಒಣ ಕೊಳವೆಯವರು ಇದನ್ನು ಓದಿ ನಿಶ್ಚಿಂತರಾಗಬೇಕಾದುದಿಲ್ಲ. ಅವರ ಶತ್ರು ಸುತ್ತಿದ ಪಟ್ಟಿಯ ಮರೆಯಲ್ಲಿರುವ ಬಿರುಕು. ಅಲ್ಲಿಂದ ಸೋರುವ ಬಿಸಿ ಹೊಗೆ ಪಕ್ಕದ ಹಲಗೆಯನ್ನು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಕರಿಕಾಗಿಸುತ್ತದೆ, ಒಂದು ದಿನ ಅದು ಹೊತ್ತಿಕೊಳ್ಳುತ್ತದೆ. ಹಳೆಯ ಬೋಟುಗಳಲ್ಲಿ ಸುತ್ತಿರುವುದು ಆಸ್ಬೆಸ್ಟಾಸ್ ಹಗ್ಗವಾಗಿರಬಹುದು; ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಒಣಗಿದ್ದಂತೆಯೇ ಕಿತ್ತೆಸೆಯದೆ, ಚೆನ್ನಾಗಿ ನೆನೆಸಿ, ಮೂಗಿಗೆ ತಕ್ಕ ಮುಖವಾಡ ಧರಿಸಿ ತೆಗೆಯಬೇಕು. ಹೊಗೆಯ ತೊಂದರೆಯೆಂದು ಸೈಲೆನ್ಸರನ್ನೇ ಕತ್ತರಿಸಿಹಾಕಿ ‘ಗುಣ’ ಕಂಡೆವೆನ್ನುವವರನ್ನೂ ನೋಡಿದ್ದೇವೆ. ಎದುರೊತ್ತಡ ಇಳಿಯಿತೆಂಬುದು ನಿಜ. ಹತ್ತು ವರ್ಷಗಳಲ್ಲಿ ತಾಂಡೇಲನ ಕಿವಿ ಹೋಗುತ್ತದೆ. ಇದನ್ನು ನಾವು ಚಿಕಿತ್ಸೆಯೆಂದು ಒಪ್ಪಲಾರೆವು.

ಈಗ ಪ್ರಾಣದ ಮಾತು. ಇಂಗಾಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನು ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಕಾರ್ಬುರೇಟರಿನ ಹಳೆಯ ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಇದು ನೂರಕ್ಕೆ ಕೆಲವು ಪಾಲಿನಷ್ಟು ಇರಬಲ್ಲುದು. ಉಸಿರಾಡುವ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 1200 ಪಾಲು ಇದ್ದರೇ ಪ್ರಾಣಕ್ಕೆ ಕೂಡಲೆ ಅಪಾಯವೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಗಣನೆ. ಡೀಸೆಲ್ಲಿನ ಹೊಗೆಯಲ್ಲಿ ಇದರ ಅಂಶ ಬಹಳ ಕಡಮೆಯೆಂಬುದು ನಿಜವಾದರೂ, ಗಾಳಿ ಸಾಲದೆ ಕಪ್ಪು ಹೊಗೆ ಉಗುಳುವ ಎಂಜಿನ್ನಿಗೆ ಆ ಸಮಾಧಾನವನ್ನು ಅನ್ವಯಿಸಲಾಗದು. ಅಮೆರಿಕದ ಯೂಟಾ ಮತ್ತು ಅರಿಜೋನಾ ಸಂಸ್ಥಾನಗಳ ಗಡಿಯಲ್ಲಿರುವ ಪೊವೆಲ್ ಸರೋವರದಲ್ಲಿ 1990ರಿಂದ 2000ದವರೆಗೆ ಈ ಅನಿಲದ ವಿಷಬಾಧೆ 111 ಮಂದಿಗೆ ತಗಲಿದುದು ದಾಖಲಾಗಿದೆ. ಅವರಲ್ಲಿ 74 ಮಂದಿಗೆ ಅದು ತಗಲಿದುದು ಮನೆದೋಣಿಗಳಲ್ಲಿ, ಆ 74ರಲ್ಲಿ ಏಳು ಮಂದಿ ಸತ್ತರು. 2000ದ ಆಗಸ್ಟಿನಲ್ಲಿ ಅಲ್ಲಿಯೇ ಈಜುತ್ತಿದ್ದ ಇಬ್ಬರು ಬಾಲಕ ಸಹೋದರರು, ವಿದ್ಯುತ್ತಿಗಾಗಿ ಓಡುತ್ತಿದ್ದ ಎಂಜಿನ್ನಿನ ಹೊಗೆ ಕೂಡಿದ್ದ ದೋಣಿಯ ಹಿಂಬದಿಯ ಅಟ್ಟಣೆಯ ಕೆಳಗೆ ಹೋಗಿ ಪ್ರಾಣ ಬಿಟ್ಟರು. ಬಯಲಿನಲ್ಲಿ, ನೀರಿನ ನಡುವೆ, ಹಗಲು ಬೆಳಕಿನಲ್ಲಿ!

ಓಡುತ್ತಿರುವ ದೋಣಿಯ ಬೆನ್ನಹಿಂದೆ ಗಾಳಿಯ ಒತ್ತಡ ತಗ್ಗಿ, ಬಿಟ್ಟ ಹೊಗೆಯೇ ಮರಳಿ ಒಳಗೆ ಸೆಳೆದುಕೊಂಡು ಬರುವುದೂ ಉಂಟು. ತಲೆನೋವು, ವಾಕರಿಕೆ, ತಲೆಸುತ್ತು ಇದರ ಮೊದಲ ಲಕ್ಷಣಗಳು. ದೋಣಿಯಲ್ಲಿ ಇವನ್ನು ಕಂಡವರೆಲ್ಲರೂ “ಕಡಲು ಹಿಡಿಸಲಿಲ್ಲ” ಎಂದು ಹೇಳಿ, ನರಳುವವನನ್ನು ಒಳಗೆ ಮಲಗಿಸುತ್ತಾರೆ. ಅಂದರೆ ಹೊಗೆ ಹೆಚ್ಚಾಗಿರುವ ಜಾಗಕ್ಕೇ ಕೊಂಡೊಯ್ಯುತ್ತಾರೆ. ಅವನನ್ನು ಬಯಲಿನ ಗಾಳಿಗೆ ತಂದರೂ ರಕ್ತದಲ್ಲಿ ಕೂಡಿದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆಗಳು ಬೇಕು. ಆಮ್ಲಜನಕ ಕೊಟ್ಟರೆ ಆ ಕಾಲ ಬಹಳ ಕಡಮೆಯಾಗುವುದರಿಂದ ಆಸ್ಪತ್ರೆಗೆ ಒಯ್ಯುವುದರಲ್ಲಿ ಸಾವಕಾಶ ಮಾಡಬಾರದು. ಜನ ಮಲಗುವ ಕೋಣೆಯುಳ್ಳ ಪ್ರತಿಯೊಂದು ದೋಣಿಯಲ್ಲಿಯೂ ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಎಚ್ಚರಿಕೆಯ ಗಂಟೆ ಇರಲೇಬೇಕೆಂಬುದು ನಮ್ಮ ಅಭಿಪ್ರಾಯ. ಸೋರಿಕೆಯನ್ನು ಹುಡುಕುವುದು ಕಷ್ಟವಲ್ಲ: ಗ್ಯಾಸ್ಕೆಟ್ಟಿನ ಬಳಿಯ ಕಪ್ಪು ಗೀರೇ ಅದರ ಗುರುತು. ಎಂಜಿನ್ನನ್ನು ತಣ್ಣಗಿರುವಾಗ ಹತ್ತಿಸಿ ಕೀಲುಗಳಿಗೆ ಸಾಬೂನಿನ ನೀರು ಸವರಿದರೆ ಗುಳ್ಳೆಗಳು ಏಳುತ್ತವೆ.

ಇಷ್ಟೆಲ್ಲ ಪಾಡು ಪಡುವುದಕ್ಕಿಂತ ಹಳೆಯ ಎಂಜಿನ್ನನ್ನು ಮಾರಿ ಹೊಸದನ್ನು ಕೊಳ್ಳಬಾರದೆ ಎಂಬ ವಾದವೂ ಕೇಳಿಬರುತ್ತದೆ. ಕೊಳ್ಳಬಲ್ಲವರು ಕೊಳ್ಳಲಿ. ಅಮೆರಿಕದಲ್ಲಿ ಅಟಾಮಿಕ್ ಫೋರ್ ಎಂಬ ಪುಟ್ಟ ಪೆಟ್ರೋಲ್ ಎಂಜಿನ್ನು 1947ರಿಂದ 1980ರ ದಶಕದವರೆಗೆ ಸುಮಾರು 40,000ದಷ್ಟು ತಯಾರಾಯಿತು. ಅವುಗಳಲ್ಲಿ ಎಷ್ಟೋ ಇಂದಿಗೂ ಹಾಯಿದೋಣಿಗಳಲ್ಲಿ ದುಡಿಯುತ್ತಿವೆ. ಸವೆಯುವ ತುಂಡುಗಳನ್ನು ಸಕಾಲದಲ್ಲಿ ಬದಲಿಸಿದುದೇ ಅವುಗಳ ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣ. ಹೊಸ ಎಂಜಿನ್ನಿಗೆ ಹಳೆಯ ಹೊಗೆಕೊಳವೆಯನ್ನೇ ಜೋಡಿಸಿ ಒಂದೇ ವರ್ಷದಲ್ಲಿ ಕೆಡಿಸಿಕೊಂಡವರೂ ಉಂಟು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೋಟುಗಳು ದಡ ಸೇರಿ, ಬಲೆಗಳ ತೇಪೆಯೂ ಬಣ್ಣದ ಕೆಲಸವೂ ನಡೆಯುವ ಈ 61 ದಿನಗಳಲ್ಲಿ ಹೊಗೆಕೊಳವೆಗೆ ಒಂದು ದಿನವನ್ನು ಮೀಸಲಿಡುವುದು ಹೆಚ್ಚಿನ ಮಾತಲ್ಲ. ಎಲ್ಬೋವನ್ನು ಕಳಚಿ, ದೀಪ ಹಿಡಿದು ಒಳಗೆ ನೋಡಬೇಕು. ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಸದ್ದನ್ನು ಕೇಳಬೇಕು. ಆಮ್ಲದಲ್ಲಿ ಅದ್ದಿ ತೊಳೆದರೆ ಉಪ್ಪು ಹೋಗುವುದು ನಿಜವಾದರೂ, ತೆಳ್ಳಗಾದ ಬೀಡುಕಬ್ಬಿಣದ ತುಂಡನ್ನು ತೊಳೆದು ಮತ್ತೆ ಹಾಕುವುದನ್ನು ನಾವು ಒಪ್ಪುವುದಿಲ್ಲ. ಒಣ ಕೊಳವೆಯವರು ಚಿಮಣಿಯ ಬಾಯಿಗೆ ಡಬ್ಬಿಯನ್ನೋ ತಗಡಿನ ಮುಚ್ಚಳವನ್ನೋ ಕಟ್ಟುವುದನ್ನು ಮರೆಯಬಾರದು. ಆಷಾಢದ ಮಳೆ ತೆರೆದ ಚಿಮಣಿಯಲ್ಲಿ ಇಳಿದು, ತೆರೆದ ಕವಾಟದ ಮೂಲಕ ಸಿಲಿಂಡರಿನಲ್ಲಿ ನಿಂತು, ಆಗಸ್ಟಿನಲ್ಲಿ ಎಂಜಿನ್ನು ತುಕ್ಕು ಹಿಡಿದು ಅಲುಗಾಡದೆ ನಿಂತ ಉದಾಹರಣೆಗಳು ಪ್ರತಿಯೊಂದು ಬಂದರಿನಲ್ಲಿಯೂ ಸಿಗುತ್ತವೆ.

ಆರಂಭದಲ್ಲಿ ಹೇಳಿದ ಲಾಂಚಿನ ಕೊಳವೆಗೆ ಈಗ ಮರೆ ತಿರುಪು ಹಾಕಿಸಿದ್ದಾರೆ. ಹೊಸ ಎಲ್ಬೋ ಕೂರಿಸಿದ ದಿನ ಯು ನಳಿಗೆಯಲ್ಲಿ ಕಂಡ ಅಂತರ 38 ಸೆಂಟಿಮೀಟರು. ಆ ಅಂಕಿಯನ್ನೂ ತಾರೀಖನ್ನೂ ಎಂಜಿನ್ ಕೋಣೆಯ ಬಾಗಿಲಿನ ಒಳಮೈಯಲ್ಲಿ ಬಿಳಿಯ ಬಣ್ಣದಿಂದ ಬರೆದಿದ್ದಾರೆ. ಮುಂದಿನ ಮಳೆಗಾಲದ ಅಂಕಿಗೆಂದು ಕೆಳಗೆ ಜಾಗ ಬಿಟ್ಟಿದ್ದಾರೆ.